ಜೂನ್ ಒಂದರಂದು ಹುಟ್ಟಿದವರು

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ನಮ್ಮ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಇನ್ನೊಂದು ನಮಸ್ಕಾರ.

ಗುರುವಂದನೆ ಅಂದಮೇಲೆ ಬೆತ್ತದ ಏಟು, ಗೇಟಿನ ಹೊರಗೆ ಮಾರುತ್ತಿದ್ದ ನೆಲ್ಲಿಕಾಯಿ ಇವೆಲ್ಲ ಬರಲೇಬೇಕು. ನನಗಿಂತ ಮುಂಚೆ ಮಾತಾಡಿದವರು ಅದನ್ನೆಲ್ಲ ಚೆನ್ನಾಗಿ ಹೇಳಿದ್ದಾರೆ. ನಾನು ನಮ್ಮ ಹುಟ್ಟಿದ ತಾರೀಖಿನ ಬಗ್ಗೆ ಹೇಳುತ್ತೇನೆ.

ಇಲ್ಲಿ ಎಷ್ಟು ಜನರ ಹುಟ್ಟುಹಬ್ಬ ಜೂನ್ 1? ಕೈ ಎತ್ತಿ ನೋಡೋಣ. ನೋಡಿದಿರಾ, ಹೆಚ್ಚುಕಮ್ಮಿ ಅರ್ಧ ಸಭೆ! ಆ ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೇಕಿನ ಚಿತ್ರಗಳನ್ನು ತಳ್ಳಿ ತಳ್ಳಿ ಬೆರಳು ನೋಯುತ್ತದೆ.

ನಿಜವಾಗಿ ಆ ದಿನ ಹುಟ್ಟಿದವರು ನಮ್ಮಲ್ಲಿ ಒಬ್ಬರೋ ಇಬ್ಬರೋ ಇದ್ದಾರು. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನಾವು ಅದಕ್ಕೂ ಮುಂಚಿನವರು, ಮನೆಯಲ್ಲೇ ಹೆರಿಗೆ. ನಮ್ಮಮ್ಮನನ್ನು ಕೇಳಿದರೆ "ಕೆರೆ ಕೋಡಿ ಬಿದ್ದ ವರ್ಷ ಕಣೋ, ಗೌರಿ ಹಬ್ಬ ಕಳೆದಿತ್ತು" ಅನ್ನುತ್ತಿದ್ದಳು. ಒಂದನೇ ಕ್ಲಾಸಿಗೆ ಸೇರಿಸಲು ಹೋದಾಗ ಹೆಡ್‌ಮೇಷ್ಟ್ರು ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅಂದರು. ಮುಟ್ಟಿದರೆ ವಯಸ್ಸಾಗಿದೆ ಅಂತ ಲೆಕ್ಕ. ಬೆರಳು ಎಟುಕದ ಒಬ್ಬ ಕುತ್ತಿಗೆಯನ್ನೇ ಓರೆ ಮಾಡಿ ಹೇಗೋ ತಾಗಿಸಿದ. ಶಾಲೆ ಶುರುವಾಗುವುದು ಜೂನ್‌ನಲ್ಲಿ ಅಲ್ವಾ? ಅಲ್ಲಿಂದ ಆರು ವರ್ಷ ಹಿಂದಕ್ಕೆ ಎಣಿಸಿ 1-6-1965 ಅಂತ ಬರೆದುಕೊಂಡರು. ಹಿಂದೆ ನಿಂತಿದ್ದವನಿಗೂ ಅದೇ, ಅವನ ಹಿಂದಿನವನಿಗೂ ಅದೇ.

1981ರಲ್ಲಿ ಆ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಇಳಿಯಿತು. ಅಲ್ಲಿಂದ ಮುಂದೆ ಬ್ರಹ್ಮ ಬಂದರೂ ಅಳಿಸುವ ಹಾಗಿಲ್ಲ. ಸರ್ಕಾರಿ ನೌಕರರು ವಯಸ್ಸು ತಿದ್ದಿಸಿಕೊಳ್ಳುವುದಕ್ಕೆ ಕಡಿವಾಣ ಹಾಕಲು 1974ರಲ್ಲೇ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂದಿತ್ತು. ನಿವೃತ್ತಿ ಹತ್ತಿರ ಬಂದಾಗ ಜಾತಕ ಹಿಡಿದುಕೊಂಡು ಹೋದರೆ ಯಾರೂ ಕೇಳುವುದಿಲ್ಲ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗಬೇಕು. ಹಾಗಾಗಿ ಪ್ರತಿ ಮೇ 31ರಂದು ನಮ್ಮ ರಾಜ್ಯದ ಆಫೀಸುಗಳಲ್ಲಿ, ಶಾಲೆಗಳಲ್ಲಿ ಶಾಲು, ಹಾರ, ಮೈಸೂರು ಪೇಟಗಳದ್ದೇ ಗಲಾಟೆ. ಹೆಡ್‌ಮೇಷ್ಟ್ರು ಜೂನ್ 2 ಅಂತ ಬರೆದಿದ್ದರೆ ಇನ್ನೊಂದು ತಿಂಗಳ ಸಂಬಳ ಸಿಗುತ್ತಿತ್ತು, ಇರಲಿ ಬಿಡಿ. 2008ರಲ್ಲಿ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು, ಅದೇ ನಮ್ಮ ಪುಣ್ಯ. 2025ರ ಮೇ 31ಕ್ಕೆ ಒಟ್ಟಿಗೇ ಮನೆಗೆ ಬಂದೆವು.

ಈಗ ಬಿಡುವು ಜಾಸ್ತಿ. ಅದಕ್ಕೇ ಹಳೆಯದೆಲ್ಲ ನೆನಪಾಗುತ್ತದೆ. ಪಿಯುಸಿಯಲ್ಲಿದ್ದಾಗ, 1982ರಲ್ಲಿ, ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದರು ಅಂತ ಕ್ಲಾಸು ಬಿಟ್ಟು ಹೋದದ್ದು, ಟಿಸಿಎಚ್ ಮುಗಿಸಿ ಮೇಷ್ಟ್ರಾದದ್ದು, ಸೈಟು, ಮನೆ, ಮಕ್ಕಳ ಮದುವೆ. ಆದರೆ ಇದು ಪಾಸಾದವರ ಕಥೆ. ನಾವು ಇದನ್ನೇ ಇಡೀ ಬ್ಯಾಚಿನ ಕಥೆ ಅಂತ ಹೇಳಿಕೊಂಡು ಓಡಾಡುತ್ತಿದ್ದೇವೆ.

ಮುಂದಿನ ಸಾಲಿನಲ್ಲಿ ನಮ್ಮ ಕ್ಲಾಸಿನ ಒಬ್ಬರು ಕೂತಿದ್ದಾರೆ. ಹೆಸರು ಹೇಳಿದರೆ ಬೈಯುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ಅವರದು. ಆ ವರ್ಷವೇ ಮದುವೆ ಮಾಡಿದರು. ಹುಡುಗಿಗೆ 18 ತುಂಬಿರಬೇಕು ಅಂತ 1978ರಲ್ಲೇ ಕಾನೂನಾಗಿತ್ತು, ಊರಲ್ಲಿ ಕೇಳುವವರು ಯಾರು? ಆಮೇಲೆ ಅದೇ ಮಾರ್ಕ್ಸ್ ಕಾರ್ಡನ್ನು ಟ್ರಂಕಿನಿಂದ ತೆಗೆದು ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದರು. ಚುಚ್ಚುಮದ್ದಿನ ಲೆಕ್ಕ, ತೂಕದ ಲೆಕ್ಕ, ಗರ್ಭಿಣಿಯರ ಪಟ್ಟಿ, ಸಾಲದ್ದಕ್ಕೆ ಚುನಾವಣೆ ಬಂದರೆ ಮತದಾರರ ಪಟ್ಟಿ. ಇಷ್ಟಕ್ಕೆಲ್ಲ ಗೌರವಧನ. ಅವರದೂ ಜೂನ್ ಒಂದೇ. ನನ್ನ ಹಾಗೇ ಅವರೂ ಮನೆಗೆ ಬಂದರು, ನನಗೆ ಬರುವಂಥ ಪಿಂಚಣಿ ಮಾತ್ರ ಬರಲಿಲ್ಲ.

ಇನ್ನೊಬ್ಬ ಗೆಳೆಯ ಇಲ್ಲಿಗೆ ಬಂದೇ ಇಲ್ಲ. ರಿಸಲ್ಟ್ ದಿನ ಪೇಪರಿನಲ್ಲಿ ಅವನ ನಂಬರು ಇರಲಿಲ್ಲ. ಇಂಗ್ಲಿಷ್ ಕೈಕೊಟ್ಟಿತ್ತು. ಎರಡನೇ ಸಲ ಕಟ್ಟಿದ, ಆಗಲೂ ಹೋಯಿತು. ಪೇಟೆಗೆ ಹೋಗಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವುದು ಕಲಿತ. ವೋಲ್ಟೇಜ್ ಕಮ್ಮಿಯಾಗಿ ಮೋಟಾರ್ ಸುಟ್ಟರೆ ಸುತ್ತಲಿನ ಊರವರೆಲ್ಲ ಇವತ್ತಿಗೂ ಅವನ ಅಂಗಡಿಗೇ ಬರಬೇಕು. ಸುಟ್ಟ ತಾಮ್ರದ ತಂತಿ ಕಿತ್ತು, ತಂತಿ ಕೂರುವ ಸೀಳುಗಳನ್ನು ಉಜ್ಜಿ ಕಾಗದ ಹಾಸಿ, ಹೊಸ ತಂತಿ ಸುತ್ತುತ್ತಾ ಕೂತರೆ ಮಾತೇ ಆಡುವುದಿಲ್ಲ, ಸುತ್ತು ತಪ್ಪುತ್ತದೆ ಅಂತ. "ನಿಂಗೆ ರಿಟೈರ್‌ಮೆಂಟ್ ಯಾವಾಗಪ್ಪ?" ಅಂದರೆ "ಕಣ್ಣು ಕಾಣೋ ತನಕ ಐತಲ್ಲ" ಅಂದ. ಈ ಕಾರ್ಯಕ್ರಮಕ್ಕೆ ಬಾ ಅಂದೆ. "ಅದು ಪಾಸಾದೋರ್ದು ಕಣಯ್ಯ" ಅಂದುಬಿಟ್ಟ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಗ್ರೂಪಿನಲ್ಲಿ ತಹಶೀಲ್ದಾರರಾಗಿದ್ದವರು, ಬ್ಯಾಂಕಿನವರು, ಅಮೆರಿಕದಲ್ಲಿರುವವರು ಎಲ್ಲ ಇದ್ದಾರೆ. ಫೇಲಾದ ಒಬ್ಬರೂ ಇಲ್ಲ. ಯಾರೂ ಬೇಡ ಅಂದಿಲ್ಲ, ಕರೆದೂ ಇಲ್ಲ. ಒಂದೇ ಬೆಂಚಿನಲ್ಲಿ ಹತ್ತು ವರ್ಷ ಕೂತವರು ಅವರು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ, ಮುಗಿಸುತ್ತೇನೆ. ಫೇಲಾದ ಆ ಗೆಳೆಯರಲ್ಲಿ ಯಾರ ಫೋನ್ ನಂಬರು ನಿಮ್ಮ ಹತ್ತಿರ ಇದ್ದರೂ ಊಟಕ್ಕೆ ಏಳುವ ಮುಂಚೆ ನನಗೆ ಬರೆದುಕೊಡಿ. ವೈಂಡಿಂಗ್ ಅಂಗಡಿಯವನದು ನನ್ನ ಹತ್ತಿರವೇ ಇದೆ.