ಮಾರಿಯೋದಲ್ಲಿ ‘ಮೈನಸ್ ಒಂದು’ ಅನ್ನೋ ಲೋಕವೇ ಇಲ್ಲ!

[ತೆರೆಯ ಮೇಲೆ: ನೀರಿನೊಳಗೆ ಈಜುತ್ತಿರುವ ಮಾರಿಯೋ. ಮೇಲೆ ‘ವರ್ಲ್ಡ್ -1’ ಅಂತ ಬರಹ]

ಈ ಚಿತ್ರ ನೋಡಿ. ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಇರೋದು ಎಂಟೇ ಲೋಕ. 1-1ರಿಂದ, ಅಂದ್ರೆ ಮೊದಲ ಲೋಕದ ಮೊದಲ ಹಂತದಿಂದ ಶುರು, 8-4ಕ್ಕೆ ಮುಗೀತು. ಹಾಗಾದ್ರೆ ಈ ‘ಮೈನಸ್ ಒಂದು’ ಎಲ್ಲಿಂದ ಬಂತು? ಆಟ ಮಾಡಿದವರು ಬಚ್ಚಿಟ್ಟ ರಹಸ್ಯ ಅಂತ ತುಂಬಾ ಜನ ಈಗಲೂ ನಂಬ್ತಾರೆ. ಅಲ್ಲ. ಇದು ಮೈನಸ್ ಕೂಡ ಅಲ್ಲ.

ಹಿನ್ನೆಲೆ ಒಂದೇ ಉಸಿರಲ್ಲಿ: 1985, ಜಪಾನ್, ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್, ಅಂದ್ರೆ ಟೀವಿಗೆ ಸಿಕ್ಕಿಸಿ ಆಡೋ ಗೇಮ್ ಯಂತ್ರ. ಇಡೀ ಆಟ 40 ಕಿಲೋಬೈಟ್. ನಿಮಗೆ ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಹೂವಿನ ಫೋಟೋ ಇದಕ್ಕಿಂತ ದೊಡ್ಡದಿರುತ್ತೆ. ಆಯ್ತು, ಮುಂದೆ.

[ತೆರೆಯ ಮೇಲೆ: 1-2ರ ಕೊನೆ, ಹೊರಗೆ ಹೋಗುವ ಪೈಪ್]

ಮೊದಲು ಅಲ್ಲಿಗೆ ಹೋಗೋದು ಹೇಗೆ ಅಂತ ನೋಡೋಣ. 1-2ರ ಕೊನೆಯ ಪೈಪ್ ಹತ್ರ ಬನ್ನಿ. ಮಾರಿಯೋ ಅಣಬೆ ತಿಂದು ದೊಡ್ಡವನಾಗಿರ್ಲಿ. ಪೈಪಿನ ಮೇಲೆ ಚಾವಣಿಯಲ್ಲಿ ಇಟ್ಟಿಗೆ ಸಾಲಿದೆ. ಗೋಡೆಗೆ ತಾಗಿರೋ ಕೊನೇ ಇಟ್ಟಿಗೆ ಮುಟ್ಟಬೇಡಿ, ಅದರ ಎಡಕ್ಕಿರೋ ಎರಡನ್ನ ಒಡೀರಿ. ಈಗ ಪೈಪಿನ ಎಡ ಅಂಚಲ್ಲಿ ನಿಂತು, ಮುಖ ಎಡಕ್ಕೆ ಮಾಡಿ, ಕುಕ್ಕರಗಾಲಲ್ಲಿ ಕೂತು ಹಾರಿ. ಹಾರ್ತಾ ಬಲಕ್ಕೆ ಒತ್ತಿ, ಗೋಡೆ ಮತ್ತು ಉಳಿಸಿದ ಇಟ್ಟಿಗೆಯ ಮೂಲೆಗೆ ಮಾರಿಯೋನ ತುರುಕಬೇಕು. ಘನವಸ್ತುವಿನೊಳಗೆ ಸಿಕ್ಕಿಕೊಂಡ ಮಾರಿಯೋನ ಆಟವೇ ಹೊರಗೆ ತಳ್ಳುತ್ತೆ. ಲೆಕ್ಕ ಸರಿಯಾಗಿ ಬಿದ್ರೆ ಬಲಕ್ಕೆ ತಳ್ಳಿಕೊಂಡು, ಗೋಡೆಯೊಳಗಿಂದಲೇ ಜಾರಿ ಆ ಕಡೆಯ ವಾರ್ಪ್ ಕೋಣೆಗೆ, ಅಂದ್ರೆ ಬೇರೆ ಲೋಕಕ್ಕೆ ನೇರ ಹಾರಿಸೋ ಪೈಪ್‌ಗಳಿರೋ ಕೋಣೆಗೆ ಹೋಗ್ತಾನೆ.

ಹತ್ತು ಸಲದಲ್ಲಿ ಎಂಟು ಸಲ ತಪ್ಪುತ್ತೆ, ಬೇಜಾರಾಗಬೇಡಿ. ಸಾಮಾನ್ಯವಾಗಿ ಆಗೋ ತಪ್ಪು ಎರಡು: ಮುಖ ಬಲಕ್ಕೆ ಇರೋದು, ಅಥವಾ ಆ ಕೊನೇ ಇಟ್ಟಿಗೆಯನ್ನೂ ಒಡೆದುಬಿಡೋದು. ಇನ್ನೊಂದಿದೆ. ಆಚೆ ಬಂದ್ಮೇಲೆ ಬಲಕ್ಕೆ ಓಡಬೇಡಿ. ವಾರ್ಪ್ ಕೋಣೆಯ ಸ್ವಾಗತ ಬರಹ ತೆರೆ ಮೇಲೆ ಬಂತು ಅಂದ್ರೆ ಕೆಲಸ ಕೆಡ್ತು. ಬರಹ ಬರೋಕೆ ಮುಂಚೆ ಎಡಗಡೆಯ ಮೊದಲ ಪೈಪಿಗೆ ಇಳಿದುಬಿಡಿ.

[ತೆರೆಯ ಮೇಲೆ: ಮೂರು ಸಾಲಿನ ಪಟ್ಟಿ. 4 3 2 / 36 5 36 / 8 7 6]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಆಟದೊಳಗೆ ವಾರ್ಪ್ ಪೈಪ್‌ಗಳಿಗೆ ಹೀಗೊಂದು ಪಟ್ಟಿ ಇದೆ. ಮೊದಲ ಸಾಲು 1-2ರದ್ದು: 4, 3, 2. ಕೊನೇ ಸಾಲು 4-2ರಲ್ಲಿ ಬಳ್ಳಿ ಹತ್ತಿದ್ರೆ ಸಿಗೋ ಕೋಣೆಯದ್ದು: 8, 7, 6. ನಡುವಿನ ಸಾಲೂ 4-2ರದ್ದೇ, ಆದ್ರೆ ಅಲ್ಲಿ ಒಂದೇ ಪೈಪು. ಅದರ ಎಡಬಲಕ್ಕೆ ಏನೂ ಇಲ್ಲ. ಏನೂ ಇಲ್ಲ ಅಂತ ಬರೆಯೋದು ಹೇಗೆ? 36 ಅಂತ!

ಯಾಕೆ 36 ಅಂದ್ರೆ, ಈ ಆಟದಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇದೆ. 0ಯಿಂದ 9ರವರೆಗೆ ಅಂಕಿಗಳು. 10ರಿಂದ 35ರವರೆಗೆ ಇಂಗ್ಲಿಷಿನ 26 ಅಕ್ಷರ. ಅದಾದ ಮೇಲಿನ ನಂಬರ್ 36, ಅದು ಖಾಲಿ ಚೌಕ. ಅಂದ್ರೆ 36 ಅನ್ನೋದು ಸಂಖ್ಯೆಯೇ ಅಲ್ಲ, ಬರೀ ಜಾಗ ಬಿಡಿ ಅನ್ನೋ ಸೂಚನೆ. ಇಂಗ್ಲಿಷ್ ಬದಲು ನಮ್ಮ 49 ಅಕ್ಷರ ಹಾಕಿದ್ರೆ, ಕಾಗುಣಿತ ಒತ್ತಕ್ಷರ ಎಲ್ಲ ಬಿಟ್ಟು ಕೂಡ, ಖಾಲಿ ಚೌಕದ ನಂಬರ್ 59 ಆಗ್ತಿತ್ತು. ನಾವು 59ನೇ ಲೋಕದಲ್ಲಿ ಈಜ್ತಾ ಇರ್ತಿದ್ವಿ!

ಆದ್ರೆ ಜಾಗ ಉಳಿಸೋಕೆ ಈ ಒಂದೇ ಪಟ್ಟಿಯನ್ನ ಎರಡು ಕೆಲಸಕ್ಕೆ ಹಚ್ಚಿದ್ದಾರೆ. ಪೈಪಿನ ಮೇಲೆ ನಂಬರ್ ಬರೆಯೋಕೂ ಇದೇ, ಮಾರಿಯೋ ಯಾವ ಲೋಕಕ್ಕೆ ಹೋಗ್ಬೇಕು ಅಂತ ಹೇಳೋಕೂ ಇದೇ. 1-2ರಲ್ಲಿ ತೆರೆ ಪೂರ್ತಿ ಸರಿಯೋವರೆಗೆ ತಾತ್ಕಾಲಿಕವಾಗಿ ನಡುವಿನ ಸಾಲು ಆಯ್ಕೆಯಾಗಿರುತ್ತೆ. ಸರಿದ್ಮೇಲೆ ಮೊದಲ ಸಾಲಿಗೆ ಬದಲಾಗುತ್ತೆ. ನೀವು ಅವಸರ ಮಾಡಿ ಎಡಪೈಪಿಗೆ ಇಳಿದ್ರೆ ಆಟ ಓದೋದು ‘36’. ಖಾಲಿ ಜಾಗವನ್ನೇ ಊರಿನ ಹೆಸರು ಅಂದ್ಕೊಂಡು ಟಿಕೆಟ್ ಹರಿದು ಕೊಡುತ್ತೆ.

ಮೇಲೆ ‘ವರ್ಲ್ಡ್ 36-1’ ಅಂತ ಬರೀಬೇಕು. 36ರ ಚಿತ್ರ ಖಾಲಿ. ಉಳಿದದ್ದು ಅಡ್ಡಗೆರೆ ಮತ್ತು 1. ನಾವು ಅದನ್ನ ಮೈನಸ್ ಒಂದು ಅಂತ ಓದಿದ್ವಿ, ಅಷ್ಟೇ.

ಲೋಕ ಇಲ್ದಿದ್ರೂ ನೀರು ಎಲ್ಲಿಂದ ಬಂತು? ಅಂಗಡಿಯ ಶೆಲ್ಫಲ್ಲಿ ಎಂಟು ಡಬ್ಬ. ‘36ನೇ ಡಬ್ಬ ಕೊಡಪ್ಪಾ’ ಅಂದ್ರೆ ಜಾಣ ಹುಡುಗ ‘ಇಲ್ಲ ಸಾರ್’ ಅಂತಾನೆ. ಈ ಹುಡುಗ ಎಣಿಸ್ತಾ ಎಣಿಸ್ತಾ ಗೋಡೆ ದಾಟಿ ಪಕ್ಕದಂಗಡಿಗೆ ಹೋಗಿ, ಕೈಗೆ ಸಿಕ್ಕಿದ್ದನ್ನ ಕಟ್ಟಿಕೊಡ್ತಾನೆ. ಪಟ್ಟಿ ಮುಗಿದ ಮೇಲೂ ಮುಂದಿನ ಮೆಮೊರಿ ಓದಿದಾಗ ಆಟಕ್ಕೆ ಸಿಕ್ಕಿದ್ದು 7-2ರ ನೀರಿನ ಹಂತ.

[ತೆರೆಯ ಮೇಲೆ: ಕೊನೆಯ ಪೈಪ್, ಮತ್ತೆ ಅದೇ ಆರಂಭ]

ಅಲ್ಲಿಂದ ಹೊರಗೆ ಬರೋಕೆ ಯಾಕಾಗಲ್ಲ? 2-2 ಮತ್ತು 7-2ರ ನಕ್ಷೆ ಒಂದೇ ತರ. ಹಾಗಾಗಿ ‘ಎರಡನೇ ಲೋಕದಲ್ಲಿದ್ರೆ ಇಲ್ಲಿಗೆ, ಏಳನೇದ್ರಲ್ಲಿದ್ರೆ ಅಲ್ಲಿಗೆ’ ಅಂತ ಕೊನೇ ಪೈಪಿಗೆ ಬರೆದಿದ್ದಾರೆ. ಆ ಲೋಕದ ನಂಬರಿಗೆ ಕೊಟ್ಟಿರೋದು 3 ಬಿಟ್, ಅದರಲ್ಲಿ ಎಂಟೇ ಬೆಲೆ ಹಿಡಿಸುತ್ತೆ. 36 ಯಾವತ್ತೂ ಹೊಂದಲ್ಲ. ಹೋಗೋ ವಿಳಾಸ ಬದಲಾಗಲ್ಲ, ಅದೇ ಹಂತ ಮತ್ತೆ ಶುರು.

ವಿಡಿಯೋ ಉದ್ದ ಆಗ್ತಾ ಇದೆ, ಉಳಿದದ್ದು ಗಬಗಬ. ನಡುವಿನ ಪೈಪಿಗೆ ಇಳಿದ್ರೆ ನೆಟ್ಟಗೆ 5-1, ಪಟ್ಟಿಯಲ್ಲಿ 5 ಇದೆಯಲ್ಲ. 1986ರ ಜಪಾನಿನ ಡಿಸ್ಕ್ ಆವೃತ್ತಿಯಲ್ಲಿ ಇದೇ ಕೈಚಳಕ ಮಾಡಿದ್ರೆ ಬೇರೆ ಮೂರು ಹಂತ ಸಿಕ್ಕಿ, ಆಟ ಮುಗಿದೇ ಹೋಗುತ್ತೆ. ಮೋಡ, ಪೊದೆ ಎರಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅದೂ ಜಾಗದ ಜಿಪುಣತನವೇ. ಮತ್ತೆ, ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಟೀವಿಗೆ ಸಿಕ್ಕಿಸ್ತಿದ್ದ ವಿಡಿಯೋ ಗೇಮ್‌ಗಳು, ‘9999 ಆಟ’ ಅಂತ ಸುಳ್ಳು ಹೇಳ್ತಿದ್ದ ಹಳದಿ ಕ್ಯಾಸೆಟ್‌ಗಳು ಇದ್ವಲ್ಲ, ಅವು ಫ್ಯಾಮಿಕಾಮಿನ ನಕಲು. ಅಟ್ಟದ ಮೇಲೆ ಇದ್ರೆ ಇಳಿಸಿ. ಮಾರಿಯೋವನ್ನ ತಿದ್ದದೆ ಹಾಗೇ ಹಾಕಿದ್ರೆ ಕುಕ್ಕರಗಾಲ ಹಾರಾಟ ಅದ್ರಲ್ಲೂ ನಡೆಯುತ್ತೆ. ಒಳಗೆ ಹೋದ್ಮೇಲೆ ಎಷ್ಟು ಈಜಿದ್ರೂ ಪ್ರಾಣಗಳು ಖಾಲಿಯಾಗಬೇಕು, ಇಲ್ಲ ನೀವು ರೀಸೆಟ್ ಬಟನ್ ಒತ್ತಬೇಕು.