ಬಚ್ಚಲ ನೀರಿನ ಬದನೆಕಾಯಿ

ಈ ಸದ್ದು ಕೇಳಿಸುತ್ತಿದೆಯಾ? ಗುಳುಗುಳು ಅಂತ. ನಮ್ಮ ಮನೆಯ ವಾಷಿಂಗ್ ಮಷೀನು ನೀರು ಬಿಡುತ್ತಿದೆ. ಬೆಳಿಗ್ಗೆ ಏಳೂವರೆ. ಮೈಸೂರಿನ ಕುವೆಂಪುನಗರ, ಮೂವತ್ತು-ನಲವತ್ತರ ಸೈಟಿನ ಒಂದು ಮಾಮೂಲಿ ಮನೆ. ಎರಡು ವರ್ಷದ ಹಿಂದೆ ಈ ನೀರು ಸೀದಾ ಒಳಚರಂಡಿಗೆ ಹೋಗುತ್ತಿತ್ತು. ಈಗ ದಾರಿ ಬೇರೆ. ಬನ್ನಿ, ಪೈಪಿನ ಹಿಂದೆಯೇ ಹೋಗೋಣ.

ಮೊದಲು ಈ ಕೆಂಪು ಹಿಡಿಯ ವಾಲ್ವ್ ನೋಡಿಕೊಳ್ಳಿ. ಎಡಕ್ಕೆ ತಿರುಗಿಸಿದರೆ ತೋಟ, ಬಲಕ್ಕೆ ತಿರುಗಿಸಿದರೆ ಚರಂಡಿ. ಇಲ್ಲಿರುವ ಎಲ್ಲದರಲ್ಲೂ ಅಗ್ಗದ ಸಾಮಾನು ಇದು. ಇದನ್ನು ಮರೆತರೆ ಮಾತ್ರ ಮಿಕ್ಕಿದ್ದೆಲ್ಲ ಕೆಡುತ್ತದೆ.

ಇದರಲ್ಲಿ ಹೊಸದೇನಿದೆ, ಬಚ್ಚಲ ನೀರಿಗೆ ಬಾಳೆ ಗಿಡ ನೆಡುತ್ತಿರಲಿಲ್ಲವಾ ಅಂತ ಕೇಳಬಹುದು. ನೆಡುತ್ತಿದ್ದರು. ಬಾಳೆ, ಕೆಸು, ಒಂದು ಕರಿಬೇವು. ಆದರೆ ಆಗ ಬಚ್ಚಲಿಗೆ ಬೀಳುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟು. ಈಗ ಬೀಳುವುದು ಶಾಂಪೂ, ಕಂಡಿಷನರ್, ಡಿಟರ್ಜೆಂಟು. ಬಾಳೆ ಗಿಡ ಅದೇ, ನೀರು ಅದಲ್ಲ.

ನಮ್ಮ ನಲ್ಲಿಯಲ್ಲಿ ಬರುವುದು ಕಾವೇರಿ. ಹೊಂಗಳ್ಳಿ, ಬೆಳಗೊಳದ ಕಡೆ ನದಿಯಿಂದ ಎತ್ತಿ, ಶುದ್ಧ ಮಾಡಿ, ಇಷ್ಟು ದೂರ ತಳ್ಳಿ ಕಳಿಸುತ್ತಾರೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಲೆಕ್ಕ. ಅಮ್ಮ, ಹೆಂಡತಿ, ನಾನು, ಮೂರೇ ಜನ. ಒಂದು ವಾರ ಬಕೆಟ್ ಇಟ್ಟು ಅಳೆದೆ. ಸ್ನಾನ, ಬಟ್ಟೆ ಎರಡೂ ಸೇರಿ ದಿನಕ್ಕೆ ಸುಮಾರು 150 ಲೀಟರ್ ಸುಮ್ನೆ ಹರಿದು ಹೋಗುತ್ತಿತ್ತು. ಅಡಿಗೆಮನೆ ಸಿಂಕಿನ ನೀರನ್ನು ನಾನು ಮುಟ್ಟಿಲ್ಲ. ಎಣ್ಣೆ, ಜಿಡ್ಡು, ಅನ್ನದ ಅಗುಳು ಎಲ್ಲ ಬರುತ್ತದೆ. ನಾತ ತಡೆಯೋಕಾಗಲ್ಲ.

ಇಗೋ, ಇದು ಮನೆಯ ಹಿಂದಿನ ಓಣಿ. ಮೊದಲು ಈ ಬಲೆಚೀಲ. ಕೂದಲು, ಬಟ್ಟೆಯ ನೂಲು ಇಲ್ಲೇ ನಿಲ್ಲುತ್ತದೆ. ವಾರಕ್ಕೆರಡು ಸಲ ತೊಳೆಯಬೇಕು, ಅಸಹ್ಯವಾದ ಕೆಲಸ. ಆಮೇಲೆ 200 ಲೀಟರಿನ ನೀಲಿ ಡ್ರಮ್ಮು. ಇಲ್ಲಿ ನೀರು ಕೆಲವು ಗಂಟೆ ಮಾತ್ರ ಇರಬೇಕು. ಒಂದು ದಿನ ಬಿಟ್ಟರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ತಟ್ಟಿದ್ದಾರೆ.

ಅದರಾಚೆ ಇರುವುದೇ ನನ್ನ ಹೆಮ್ಮೆ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿ. ತುಂಬಾ ಜಲ್ಲಿ. ಮೇಲೆ ಕಾಬಾಳೆ ಗಿಡ, ಕೆಂಪು ಹೂವು, ಹಳದಿ ಹೂವು. ಪಾರ್ಕಿನಲ್ಲಿ ನೋಡಿರುತ್ತೀರಿ. ನೀರು ಎಲ್ಲಿದೆ ಅಂತ ಹುಡುಕಬೇಡಿ, ಕಾಣುವುದಿಲ್ಲ. ಅದು ಜಲ್ಲಿಯ ಒಳಗೇ ಹರಿಯುತ್ತದೆ, ಹಾಗಾಗಿ ಸೊಳ್ಳೆ ಮೊಟ್ಟೆ ಇಡಲು ಜಾಗವಿಲ್ಲ. ಕಲ್ಲಿಗೂ ಬೇರಿಗೂ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಸೋಪು, ಕೊಳೆ ತಿಂದು ಮುಗಿಸುತ್ತವೆ. ಗಿಡಗಳು ಒಂದಿಷ್ಟು ಸಾರಜನಕ, ರಂಜಕ ಹೀರಿಕೊಳ್ಳುತ್ತವೆ. ಈ ಕೊನೆಯಿಂದ ಆ ಕೊನೆಗೆ ಬರಲು ನೀರಿಗೆ ಹೆಚ್ಚುಕಡಿಮೆ ಎರಡು ದಿನ. ಕರೆಂಟು ಬೇಡ, ಆಪ್ ಬೇಡ. ಟೆರೇಸಿಗೆ ಎತ್ತುವಾಗ ಮಾತ್ರ ಒಂದು ಸಣ್ಣ ಪಂಪು.

ಇಷ್ಟೇ ಮಾಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಸುಮ್ಮನಿರುವ ಜಾತಿಯವನಲ್ಲ.

ಮೆಟ್ಟಿಲು ಹತ್ತೋಣ. ಇದು ಹಸಿರುಮನೆ. ಈಗ ನೋಡಿದರೆ ಸೊಳ್ಳೆಪರದೆ ಕಟ್ಟಿದ ಮಂಚದ ಹಾಗಿದೆ, ಅಲ್ವಾ? ಮೊದಲು ಹೀಗಿರಲಿಲ್ಲ. ಜಿಐ ಪೈಪು, ಸುತ್ತಲೂ 200 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಬಿಳಿ ಪೈಪುಗಳಲ್ಲಿ ಮಣ್ಣಿಲ್ಲದೆ ಬರೀ ನೀರಿನಲ್ಲಿ ಬೆಳೆಯುವ ಲೆಟ್ಯೂಸ್ ಸೊಪ್ಪು, ತೇವ ಅಳೆಯುವ ಸೆನ್ಸರು, ಮೊಬೈಲಿಗೆ ಮೆಸೇಜು. ಕಿಟ್ ಮಾರಿದವರು ವರ್ಷವಿಡೀ ಬೆಳೆಯಬಹುದು ಅಂದರು. ನಾನು ನಂಬಿದೆ. ಮಾರ್ಚ್ ಬಂತು. ಹೊರಗೆ 35 ಡಿಗ್ರಿ, ಒಳಗೆ 44. ಗಾಜಿನ ಮನೆಯ ಬೇಸಾಯಕ್ಕೆ ಹೆಸರಾದದ್ದು ನೆದರ್ಲೆಂಡ್ಸ್. ಅಲ್ಲಿ ಕೊರೆಯುವ ಚಳಿ. ಶಾಖ ಹಿಡಿದಿಡುವುದೇ ಆ ಮನೆಯ ಕೆಲಸ. ನಮಗೆ ಬೇಕಿದ್ದು ಶಾಖ ಹೊರಗೆ ಹೋಗುವುದು.

ಅದೇ ವಾರ ಒಂದು ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋಯಿತು. ಈ ಪೈಪುಗಳಲ್ಲಿ ನೀರು ತುಂಬಿರುವುದಿಲ್ಲ, ಬೇರಿನ ಕೆಳಗೆ ತೆಳ್ಳಗೆ ಹರಿಯುತ್ತಿರುತ್ತದೆ. ಪಂಪು ನಿಂತರೆ ಬೇರು ಒಣಗುತ್ತದೆ. ನಾನು ಆಫೀಸಿನಲ್ಲಿದ್ದೆ. ಮೊಬೈಲಿಗೆ ಮೆಸೇಜು ಬರಲಿಲ್ಲ, ಯಾಕೆಂದರೆ ವೈಫೈ ಕೂಡ ಅದೇ ಕರೆಂಟಿನದು. ಸಂಜೆ ಬಂದು ನೋಡಿದರೆ ಅರವತ್ತು ಗಿಡ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಎರಡನೇ ತಪ್ಪು ಇನ್ನೂ ದೊಡ್ಡದು. ಕಾಬಾಳೆ ತೊಟ್ಟಿಯ ನೀರು ಕಣ್ಣಿಗೆ ತಿಳಿಯಾಗಿತ್ತು. ಅದನ್ನೇ ಈ ಪೈಪುಗಳಿಗೂ ಬಿಟ್ಟೆ. ಎಲೆಯ ಅಂಚು ಸುಟ್ಟ ಹಾಗಾಯಿತು, ಬೇರು ಕಂದಾಗಿ ಲೋಳೆ ಹಿಡಿಯಿತು. ಅತ್ತ ಅದೇ ನೀರು ಕುಡಿಯುತ್ತಿದ್ದ ಕುಂಡಗಳಲ್ಲಿ ಮಣ್ಣು ಗಟ್ಟಿಯಾಗಿ, ಮೇಲೆ ಬಿಳಿ ಪೊರೆ. ನೀರು ಹಾಕಿದರೆ ಇಳಿಯುತ್ತಲೇ ಇರಲಿಲ್ಲ. ಗೊಬ್ಬರ ಜಾಸ್ತಿ ಆಯಿತೇನೋ ಅಂದುಕೊಂಡೆ.

ಆಗ ಬಂದಿದ್ದು ನಮ್ಮ ಮಾವ, ಅಮ್ಮನ ತಮ್ಮ. ಪಾಂಡವಪುರದ ಕಡೆ ಕಬ್ಬು, ಭತ್ತ ಬೆಳೆಯುವವರು. ಬೆಳಿಗ್ಗೆ ಎದ್ದು ಕನ್ನಂಬಾಡಿ ಕಟ್ಟೆಯ ಮಟ್ಟ ನೋಡದೆ ಕಾಫಿ ಕುಡಿಯುವುದಿಲ್ಲ. ಕಟ್ಟೆ ಪೂರ್ತಿ ತುಂಬಿ 124.80 ಅಡಿ ಆಗುವವರೆಗೂ ಅವರಿಗೆ ಸಮಾಧಾನವಿಲ್ಲ. ಟೆರೇಸಿಗೆ ಬಂದು ಕುಂಡದ ಮಣ್ಣನ್ನು ಉಗುರಲ್ಲಿ ಕೆರೆದು, ನಾಲಿಗೆಗೆ ತಾಗಿಸಿ, ಥೂ ಅಂತ ಉಗಿದರು.

"ಅಳಿಮಯ್ಯ, ಇದು ಚೌಳು ಕಣ್ಲಾ. ಹಿಂದೆ ಚೌಳು ಮಣ್ಣು ಹಾಕಿ ಬಟ್ಟೆ ಒಗೀತಿದ್ರು. ನೀನು ಬಟ್ಟೆ ಒಗ್ದು ಮಣ್ಣನ್ನೇ ಚೌಳು ಮಾಡಿದ್ದೀಯ!"

ನಾಲೆ ನೀರು ಕಂಡವರಿಗೆ ಇದು ಗೊತ್ತಿರುವ ರೋಗ. ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಬೆಳೆಯೇನೋ ಬಂತು. ಆದರೆ ನೀರು ಬಸಿದು ಹೋಗಲು ದಾರಿಯಿಲ್ಲದ ತಗ್ಗು ಗದ್ದೆಗಳಲ್ಲಿ ಅಂತರ್ಜಲ ಮೇಲೆ ಬಂದು, ನೀರು ಆವಿಯಾಗಿ, ಉಪ್ಪು ಉಳಿದು ಒಂದಿಷ್ಟು ಭೂಮಿ ಚೌಳಾಯಿತು. ನನ್ನ ಕುಂಡದಲ್ಲೂ ಅದೇ ನಾಟಕ, ಸಣ್ಣ ಸೈಜಿನಲ್ಲಿ. ಬಟ್ಟೆ ಪುಡಿಗಳಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅಂದರೆ ಸೋಡಿಯಂ. ಕಾಬಾಳೆ ಸೋಪಿನ ಕೊಳೆ ತೆಗೆಯುತ್ತದೆ, ಸೋಡಿಯಂ ತೆಗೆಯುವುದಿಲ್ಲ. ಅದು ಮಣ್ಣಿನ ಕಣಗಳನ್ನು ಬಿಡಿಸಿ, ರಂಧ್ರ ಮುಚ್ಚಿ, ನೀರು ಇಳಿಯದಂತೆ ಮಾಡುತ್ತದೆ. ಮದ್ದೂ ಗದ್ದೆಯದ್ದೇ: ಜಿಪ್ಸಂ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಜಾಗ ಬಿಡಿಸುತ್ತದೆ. ಆಮೇಲೆ ಮಳೆನೀರಲ್ಲಿ ಚೆನ್ನಾಗಿ ತೊಳೆದು ಹೊರಗೆ ಬಸಿಯಬೇಕು. ಹಾಗೇ ಮಾಡಿದೆವು. ಪುಡಿ ಬಿಟ್ಟು ಸೋಡಿಯಂ ಕಡಿಮೆ ಇರುವ ದ್ರವ ಸೋಪಿಗೆ ಬಂದೆವು. ಅಮ್ಮನನ್ನು ಒಪ್ಪಿಸಲು ಒಂದು ತಿಂಗಳು ಬೇಕಾಯಿತು. ನೊರೆ ಬರುವುದಿಲ್ಲ, ಇದೆಂಥ ಸೋಪು ಅನ್ನುವುದು ಅವರ ವಾದ. ಈಗಲೂ ಪೂರ್ತಿ ಒಪ್ಪಿಲ್ಲ.

ನೀರು ತಿರುಗಿ ಬಳಸುವ ವಿಷಯ ಬಂದರೆ ಎಲ್ಲರೂ ಇಸ್ರೇಲ್ ಹೆಸರು ಹೇಳುತ್ತಾರೆ. ಸರಿಯೇ. ಅವರು ಕೊಳಚೆ ನೀರಿನ ಶೇಕಡಾ 90ರಷ್ಟನ್ನು ಮತ್ತೆ ಬಳಸುತ್ತಾರೆ, ಬಹುಪಾಲು ಹೊಲಕ್ಕೇ. ಟೆಲ್ ಅವೀವ್ ಕಡೆಯ ನೀರನ್ನು ಶುದ್ಧ ಮಾಡಿ, ಮರಳಿನಲ್ಲಿ ಇಂಗಿಸಿ, ಮತ್ತೆ ಮೇಲೆತ್ತಿ ನೆಗೆವ್ ಮರುಭೂಮಿಗೆ ಕಳಿಸುತ್ತಾರೆ. ಅಷ್ಟು ದೂರ ಯಾಕೆ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ಒಂದು ಕುಂಡ ಚೌಳಾಗಿಸಿಕೊಂಡವನಾಗಿ ನನಗೆ ಅವರ ಮಾತು ಸರಿ ಅನ್ನಿಸುತ್ತದೆ.

ಈಗ ಇಲ್ಲಿ ನೀರು ಎರಡು ಪಾಲು. ಬಚ್ಚಲ ನೀರು ಮಣ್ಣಿನ ಕುಂಡಗಳಿಗೆ ಮಾತ್ರ, ಅದೂ ಮಣ್ಣಿನಡಿಯ ಡ್ರಿಪ್ಪಿನಲ್ಲಿ. ಬಾಳೆ, ನುಗ್ಗೆ, ಬದನೆ. ಹಸಿಯಾಗಿ ತಿನ್ನುವುದಕ್ಕೆ, ನೆಲಕ್ಕೆ ತಾಗಿ ಬೆಳೆಯುವುದಕ್ಕೆ ಹಾಕುವುದಿಲ್ಲ. ಸೊಪ್ಪಿಗೆ ಮಳೆನೀರು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ನಮ್ಮ ಟೆರೇಸು ಸುಮಾರು 75 ಚದರ ಮೀಟರ್. ಭರಣಿ ಮಳೆ ಒಂದು ಸಂಜೆ 20 ಮಿಲಿಮೀಟರ್ ಸುರಿದರೆ 1500 ಲೀಟರ್! ಸೊಪ್ಪಿಗೆ ಅದು ಬಹಳ ದಿನ ಬರುತ್ತದೆ.

ಆ ಬಿಳಿ ಪೈಪುಗಳನ್ನು ಮಾರಿಬಿಟ್ಟೆ. ಬದಲಿಗೆ ಈ ಬಕೆಟ್‌ಗಳು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅನ್ನುವವರ ವಿಧಾನ. ಪೋಷಕಾಂಶ ಬೆರೆಸಿದ ನೀರು ಒಂದೇ ಸಲ ತುಂಬಿ ಗಿಡ ಕೂರಿಸಿದರೆ ಮುಗಿಯಿತು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಪಂಪಿಲ್ಲ. ಕರೆಂಟು ಹೋದರೆ ಹೋಗಲಿ. ಹಸಿರುಮನೆಯ ಪಕ್ಕದ ಹಾಳೆ ತೆಗೆದು ಕೀಟದ ಬಲೆ ಕಟ್ಟಿದೆ, ಮೇಲೆ ಅರ್ಧ ಬಿಸಿಲು ತಡೆಯುವ ನೆರಳು ಬಲೆ. ಸೆನ್ಸರು ಒಂದನ್ನು ಉಳಿಸಿಕೊಂಡಿದ್ದೇನೆ. ಕುಂಡಗಳಿಗೆ ನೀರು ಜಾಸ್ತಿ ಹಾಕುವ ನನ್ನ ಚಟಕ್ಕೆ ಅದು ಬೇಕು.

ಲೆಟ್ಯೂಸ್ ಕೂಡ ಬಿಟ್ಟೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಮಾವ ಒಂದು ಸಲ ಅದರಲ್ಲಿ ಬಸ್ಸಾರು ಮಾಡಿಸಿ, ಎರಡು ತುತ್ತು ಮುದ್ದೆ ನುಂಗಿ, ಮಾತಾಡದೆ ಎದ್ದು ಕೈತೊಳೆದರು. ಈಗ ಬಕೆಟ್‌ಗಳಲ್ಲಿ ಪಾಲಕ್, ದಂಟು.

ಮತ್ತೆ ಇವರು, ಈರನಗೆರೆ ಬದನೆ. ನೋಡಿ, ಎಳೆ ಹಸಿರು ಬಣ್ಣ. ಈರನಗೆರೆ ಈಗ ಮೈಸೂರಿನ ಒಳಗಿನ ಬಡಾವಣೆ. ಹೆಸರಲ್ಲಿ ಮಾತ್ರ ಕೆರೆ ಉಳಿದಿದೆ. ಈ ಬದನೆ ಬೀಜ ತಂದುಕೊಟ್ಟಿದ್ದು ಪಕ್ಕದ ಮನೆಯವರೇ, ನಾತ ಅಂತ ಬಾಗಿಲು ತಟ್ಟಿದವರು. ಈ ವಾರ ಒಂಬತ್ತು ಕಾಯಿ ಬಿಟ್ಟಿದೆ. ನಾಲ್ಕು ಅವರಿಗೆ.

ಒಂದು ನಿಮಿಷ. ಅಮ್ಮ ಕೆಳಗಿನಿಂದ ಕೂಗುತ್ತಿದ್ದಾರೆ. ಇವತ್ತು ಬಿಳಿ ಬಟ್ಟೆಯಂತೆ, ಬ್ಲೀಚ್ ಹಾಕಿದ್ದಾರಂತೆ. ವಾಲ್ವ್ ಬಲಕ್ಕೆ ತಿರುಗಿಸಬೇಕು. ಓಡಿದೆ.