ಮೊದಲು ಬೆರಳು ಅಳೆಯಿರಿ, ಆಮೇಲೆ ಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹತ್ತು ಗುಂಟೆ, ಇಪ್ಪತ್ತು ಗುಂಟೆಯಲ್ಲಿ ಬೆಂಡೆ, ಬದನೆ, ಬೀನ್ಸ್, ಮೆಣಸಿನಕಾಯಿ, ಸೇವಂತಿಗೆ ಬೆಳೆಯುವ ಮನೆಗಳು ಎಷ್ಟೋ ಇವೆ. ಇವತ್ತಿನ ಮಾತು ಅವರಿಗಾಗಿ. ಮನೆ ಹಿತ್ತಲಲ್ಲಿ ಕೈತೋಟ ಮಾಡಿಕೊಂಡವರೂ ಕೇಳಿ. ಬೆಳಗ್ಗೆ ಎದ್ದು ಕಾಯಿ ಬಿಡಿಸಲು ಸಾಲಿಗೆ ಇಳಿಯುವ ಅಮ್ಮಂದಿರು, ಅಕ್ಕಂದಿರು ರೇಡಿಯೋ ಹತ್ತಿರ ಬನ್ನಿ. ಮನೆಗೆ ಸಾಮಾನು ತರುವ ಗಂಡಸರು ಅಲ್ಲೇ ಇದ್ದರೆ ಅವರನ್ನೂ ಕರೆಯಿರಿ. ನಾನು ಹೇಳುವುದನ್ನು ಅವರು ಕೇಳಲೇಬೇಕು.

ಟ್ರ್ಯಾಕ್ಟರ್, ಟಿಲ್ಲರ್ ಬಗ್ಗೆ ನಾನು ಮಾತಾಡುವುದಿಲ್ಲ. ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೈಗೆ ತೊಟ್ಟುಕೊಂಡು ಕೆಲಸ ಮಾಡುವ ಸಣ್ಣ ಸಾಧನಗಳ ಬಗ್ಗೆ ಹೇಳುತ್ತೇನೆ. ಬೆರಳಿಗೆ ಹಾಕುವ ಉಂಗುರದ ಕತ್ತಿ, ಹೆಬ್ಬೆರಳಿಗೆ ಹಾಕುವ ಚಾಕು, ಕೈಗವಸು, ಮೈಗೆ ಕಟ್ಟಿಕೊಳ್ಳುವ ಚೀಲ, ಇಂಥವು. ಹೇಳಬೇಕಾದ ಮಾತು ಒಂದೇ. ಮೊದಲು ಬೆರಳು ಅಳೆಯಿರಿ, ಆಮೇಲೆ ಕೊಳ್ಳಿ. ಯಾರ ಬೆರಳು? ಸಾಲಿನಲ್ಲಿ ನಿಂತು ಕಾಯಿ ಬಿಡಿಸುವವರ ಬೆರಳು.

ಬೆಂಡೆಕಾಯಿಯನ್ನೇ ತೆಗೆದುಕೊಳ್ಳಿ. ಬಿತ್ತಿ 45-50 ದಿನಕ್ಕೆ ಕಾಯಿ ಶುರುವಾಗುತ್ತದೆ. ಹೂ ಅರಳಿ 6-7 ದಿನಕ್ಕೆ ಕಾಯಿ ಬಿಡಿಸುವ ಹದಕ್ಕೆ ಬರುತ್ತದೆ. ಅಲ್ಲಿಂದ ದಿನ ಬಿಟ್ಟು ದಿನ ಬಿಡಿಸಲೇಬೇಕು. ಸ್ವಲ್ಪ ತಡ ಮಾಡಿದರೂ ಕಾಯಿ ಬಲಿತು ನಾರಾಗುತ್ತದೆ, ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ಅಂದರೆ ಫಸಲು ಮುಗಿಯುವವರೆಗೆ ಅದೇ ಕೈಗಳು ಅದೇ ಗಿಡಗಳ ನಡುವೆ ಓಡಾಡುತ್ತಿರಬೇಕು. ಗಿಡದ ತುಂಬ ಸಣ್ಣ ಮುಳ್ಳಿನಂಥ ಕೂದಲು. ಮುಟ್ಟಿದರೆ ನವೆ, ಉರಿ. ತೊಟ್ಟು ಬೇರೆ ಗಟ್ಟಿ. ಬರಿಗೈಯಲ್ಲಿ ತಿರುವಿ ಎಳೆದರೆ ಬೆರಳೂ ಸುಲಿಯುತ್ತದೆ, ಗಿಡದ ಸಿಪ್ಪೆಯೂ ಸುಲಿದು ಬರುತ್ತದೆ.

ಚಾಕು ಹಿಡಿದುಕೊಳ್ಳಬಹುದಲ್ಲ ಎನ್ನುತ್ತೀರಿ. ಹಿಡಿಯಬಹುದು. ಆದರೆ ಒಂದು ಕೈ ಚಾಕುವಿಗೇ ಹೋಯಿತು. ಇನ್ನೊಂದು ಕೈ ಕಾಯಿ ಹಿಡಿಯಬೇಕು. ಎಲೆ ಸರಿಸುವುದು ಯಾವ ಕೈಯಲ್ಲಿ? ನಡುವೆ ಚಾಕು ಕೆಳಗಿಟ್ಟರೆ ಆಮೇಲೆ ಅದನ್ನು ಹುಡುಕುವುದೇ ಒಂದು ಕೆಲಸ.

ಅದಕ್ಕೇ ಉಂಗುರದ ಕತ್ತಿ. ತೋರುಬೆರಳಿಗೆ ಹಾಕಿಕೊಳ್ಳಬೇಕು. ಉಗುರಿನಷ್ಟು ಅಗಲದ ಬ್ಲೇಡು ಹೆಬ್ಬೆರಳಿನ ಕಡೆ ಮುಖ ಮಾಡಿರುತ್ತದೆ. ತೊಟ್ಟನ್ನು ಬ್ಲೇಡಿಗೂ ಹೆಬ್ಬೆರಳಿಗೂ ನಡುವೆ ತಂದು ಒತ್ತಿದರೆ ಸಾಕು, ಕತ್ತರಿಸಿ ಕಾಯಿ ಕೈಯಲ್ಲೇ ಉಳಿಯುತ್ತದೆ. ಕೈ ಬಿಚ್ಚಿದರೆ ಬೆರಳುಗಳು ಖಾಲಿ. ಎಲೆ ಸರಿಸಿ, ಕೊಂಬೆ ಬಗ್ಗಿಸಿ, ಬುಟ್ಟಿ ಎತ್ತಿ, ಏನು ಬೇಕಾದರೂ ಮಾಡಿ. ಹೆಬ್ಬೆರಳಿಗೆ ಮಾತ್ರ ದಪ್ಪ ರಬ್ಬರ್ ಟೋಪಿ ಬೇಕೇ ಬೇಕು. ಅದಿಲ್ಲದೆ ಈ ಕತ್ತಿ ಹಾಕಿಕೊಳ್ಳಬೇಡಿ. ಇನ್ನೊಂದು ಬಗೆ ಹೆಬ್ಬೆರಳ ಚಾಕು. ಮೆತ್ತನೆಯ ಸಿಲಿಕೋನ್ ಟೋಪಿಗೆ ಬ್ಲೇಡು ಕೂರಿಸಿರುತ್ತಾರೆ. ಸೊಪ್ಪು, ಬೀನ್ಸ್, ಹೂವಿನಂಥ ಎಳೆ ತೊಟ್ಟಿಗೆ ಅದು ಸಾಕು. ಬೆಂಡೆ, ಬದನೆಯಂಥ ಗಟ್ಟಿ ತೊಟ್ಟಿಗೆ ಉಂಗುರವೇ ಆಗಬೇಕು.

ಈಗ ಒಂದು ಘಟನೆ ಹೇಳುತ್ತೇನೆ. ಇದನ್ನು ನಾನು ಎಲ್ಲ ತರಬೇತಿಯಲ್ಲೂ ಹೇಳುತ್ತೇನೆ.

ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ಇಪ್ಪತ್ತು ಗುಂಟೆ ಬೆಂಡೆ. ಒಳ್ಳೆ ಬೆಳೆ. ಅತ್ತೆ, ಸೊಸೆ, ಜೊತೆಗೆ ಕೂಲಿಗೆ ಬಂದ ಇಬ್ಬರು ಹೆಂಗಸರು ಕಾಯಿ ಬಿಡಿಸುತ್ತಿದ್ದರು. ನಾಲ್ಕು ಜನರ ಬೆರಳಿಗೂ ಹಳೆ ಸೀರೆಯ ಪಟ್ಟಿ ಸುತ್ತಿತ್ತು. ಒಬ್ಬರು ಸೈಕಲ್ ಟ್ಯೂಬಿನ ಚೂರು ಕಟ್ಟಿಕೊಂಡಿದ್ದರು. ನಾನು ಯಜಮಾನರನ್ನು ಕೇಳಿದೆ, "ಉಂಗುರದ ಕತ್ತಿ ತಂದುಕೊಡಬಾರದಾ?"

"ತಂದಿದ್ದೀನಿ ಮೇಡಮ್, ಒಂದಲ್ಲ ನಾಲ್ಕು ತಂದಿದ್ದೀನಿ. ಇವರು ಹಾಕಲ್ಲ. ಹೆಂಗಸರಿಗೆ ಹೊಸದು ಅಂದ್ರೆ ಆಗಲ್ಲ" ಎಂದರು. ಮನೆಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ನಾಲ್ಕೂ ಹೊಸದಾಗೇ ಇದ್ದವು. ಒಳ್ಳೆ ಉಕ್ಕು, ಒಳ್ಳೆ ಹರಿತ. ದುಡ್ಡು ಕೊಟ್ಟು ತಂದ ಸಾಮಾನು ಡಬ್ಬಿಯಲ್ಲಿ ಮಲಗಿತ್ತು.

ಅತ್ತೆಯವರು ಏನೂ ಮಾತಾಡಲಿಲ್ಲ. ಒಂದು ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡರು. ಕೈ ಕೆಳಗೆ ಮಾಡಿದರು. ಉಂಗುರ ಜಾರಿ ಸಾಲಿಗೆ ಬಿತ್ತು. "ನೋಡಮ್ಮ, ಇದು ನನ್ನ ಬೆರಳಲ್ಲಿ ನಿಲ್ಲಲ್ಲ. ಕಾಯಿ ಜೊತೆ ಇದೂ ಮೂಟೆಗೆ ಹೋಗುತ್ತೆ. ಮಾರ್ಕೆಟ್ಟಲ್ಲಿ ಯಾರ ಕೈನೋ ಕುಯ್ಯುತ್ತೆ" ಎಂದರು. ಆಮೇಲೆ ಸೊಸೆ ತನ್ನ ನಡುಬೆರಳು ತೋರಿಸಿದಳು. ಒಂದು ಗಾಯದ ಗುರುತು. ಅವಳ ಬೆರಳಲ್ಲಿ ಉಂಗುರ ಬೀಳುವುದಿಲ್ಲ, ಆದರೆ ತಿರುಗುತ್ತದೆ. ಕಾಯಿ ಒತ್ತುವಾಗ ಬ್ಲೇಡು ಪಕ್ಕಕ್ಕೆ ತಿರುಗಿ ನಡುಬೆರಳನ್ನೇ ಕುಯ್ದಿತ್ತು. ಅವತ್ತಿಂದ ಅವಳು ಅದನ್ನು ಮುಟ್ಟಿಲ್ಲ. ಯಾರು ಮುಟ್ಟುತ್ತಾರೆ ಹೇಳಿ?

ನಾನು ಯಜಮಾನರಿಗೆ ಹಾಕಿಕೊಳ್ಳಲು ಹೇಳಿದೆ. ಅವರ ಬೆರಳಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು! ಅಂಗಡಿಯಲ್ಲಿ ತಮ್ಮ ಬೆರಳಿಗೇ ಹಾಕಿ ನೋಡಿ ನಾಲ್ಕನ್ನೂ ಅದೇ ಅಳತೆಯಲ್ಲಿ ತಂದಿದ್ದರು. ಅವರು ಕಾಯಿ ಬಿಡಿಸುವುದಿಲ್ಲ. ಮೂಟೆ ಕಟ್ಟಿ ಗಾಡಿಗೆ ಹಾಕುವುದು ಅವರ ಕೆಲಸ. ಹೆಂಡತಿಗೆ ಚಪ್ಪಲಿ ತರುವಾಗ ಅವರ ಕಾಲಿನ ಅಳತೆ ಕೇಳಿ ತರುತ್ತೀರಿ ಅಲ್ವಾ? ಬ್ಲೇಡು ಇರುವ ಸಾಮಾನಿಗೆ ಯಾಕೆ ಕೇಳುವುದಿಲ್ಲ?

ಮನೆಯಲ್ಲಿ ಹೂ ಕಟ್ಟುವ ದಾರ ಇತ್ತು. ಅಲ್ಲೇ ಕೂತು ನಾಲ್ಕೂ ಜನರ ಬೆರಳು ಅಳೆದೆವು. ಯಜಮಾನರ ತೋರುಬೆರಳಿನ ಸುತ್ತಳತೆಗೂ ಸೊಸೆಯ ಬೆರಳಿಗೂ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಉಂಗುರ ತಿರುಗದೆ ಇನ್ನೇನು ಮಾಡುತ್ತದೆ? ಅತ್ತೆಯವರದು ಬೇರೆ ಕಥೆ. ವರ್ಷಗಟ್ಟಲೆ ಕೆಲಸ ಮಾಡಿದ ಕೈ, ಬೆರಳ ಗಿಣ್ಣು ದಪ್ಪವಾಗಿತ್ತು, ಬುಡ ಸಣ್ಣಗಿತ್ತು. ಗಿಣ್ಣು ದಾಟುವಷ್ಟು ದೊಡ್ಡ ಉಂಗುರ ಬುಡದಲ್ಲಿ ಸಡಿಲ. ಬುಡಕ್ಕೆ ಸರಿಯಾದದ್ದು ಗಿಣ್ಣು ದಾಟುವುದಿಲ್ಲ. ಇಂಥ ಬೆರಳಿಗೆ ಮುಚ್ಚಿದ ಉಂಗುರ ಯಾವತ್ತೂ ಆಗುವುದಿಲ್ಲ. ಬಾಯಿ ಬಿಟ್ಟ ಉಂಗುರ ಬೇಕು, ಹಾಕಿಕೊಂಡ ಮೇಲೆ ಒತ್ತಿ ಬಿಗಿ ಮಾಡುವಂಥದ್ದು. ಇಲ್ಲವಾದರೆ ವೆಲ್ಕ್ರೋ ಪಟ್ಟಿ ಇರುವಂಥದ್ದು.

ದಾರಗಳಿಗೆ ಗಂಟು ಹಾಕಿ ಯಜಮಾನರ ಕೈಗೆ ಕೊಟ್ಟೆ. ಅವರು ಅದನ್ನು ಹತ್ತಿರದ ಕುಲುಮೆಗೆ ತೆಗೆದುಕೊಂಡು ಹೋದರು. ಹಳೆ ಹ್ಯಾಕ್ಸಾ ಬ್ಲೇಡಿನ ಚೂರನ್ನು ಮಸೆದು, ತಗಡಿನ ಬಾಯಿ ಬಿಟ್ಟ ಉಂಗುರಕ್ಕೆ ರಿವಿಟ್ ಹೊಡೆದು ನಾಲ್ಕು ಮಾಡಿಸಿಕೊಂಡು ಬಂದರು. ನಾನು ಮತ್ತೊಮ್ಮೆ ಆ ಊರಿಗೆ ಹೋದಾಗ ನಾಲ್ಕು ಜನರ ಬೆರಳಲ್ಲೂ ಉಂಗುರ ಇತ್ತು. ಅತ್ತೆಯವರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಬೆವರಿಗೆ ಜಾರಬಾರದು ಎಂದು ಉಂಗುರದ ಒಳಗೆ ಸೈಕಲ್ ಟ್ಯೂಬಿನ ಚೂರು ಅಂಟಿಸಿಕೊಂಡಿದ್ದರು. ಅದನ್ನು ಈಗ ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಹೊಸದು ಆಗುವುದಿಲ್ಲ ಎಂದಿದ್ದರಲ್ಲ, ಆ ಮನೆಯಲ್ಲಿ ಹೊಸದನ್ನು ತಿದ್ದಿ ಸರಿ ಮಾಡಿದವರೇ ಆ ಅತ್ತೆ.

ಈ ಅಳತೆಯ ವಿಷಯ ನಾನೊಬ್ಬಳೇ ಹೇಳುತ್ತಿರುವುದಲ್ಲ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ದೇಶದ ಬೇರೆ ಬೇರೆ ರಾಜ್ಯಗಳ ರೈತರ, ರೈತ ಮಹಿಳೆಯರ ಮೈ ಕೈ ಅಳತೆ, ಹಿಡಿತದ ಬಲ ಎಲ್ಲ ಸೇರಿಸಿ 2009ರಲ್ಲಿ ಪ್ರಕಟಿಸಿದ್ದಾರೆ. ಉಪಕರಣ ಮಾಡುವವರು ಆ ಅಳತೆ ನೋಡಿ ಮಾಡಲಿ ಎಂದೇ ಆ ಕೆಲಸ ನಡೆದದ್ದು. ಆದರೂ ನಮ್ಮ ಅಂಗಡಿಗಳಲ್ಲಿ ಕೇಳಿ ನೋಡಿ. "ಎಲ್ಲರಿಗೂ ಆಗುತ್ತೆ ತಗೊಳ್ಳಿ" ಎನ್ನುತ್ತಾರೆ. ಎಲ್ಲರಿಗೂ ಆಗುವ ಉಂಗುರ ಇಲ್ಲ. ನಿಮ್ಮ ಬೆರಳು ಅಳೆಯಿರಿ.

ಹೇಗೆ ಅಳೆಯಬೇಕು? ಒಂದು ದಾರ, ಮಕ್ಕಳ ಸ್ಕೇಲು ಸಾಕು. ತೋರುಬೆರಳಿನ ಬುಡಕ್ಕೆ ಒಂದು ಸುತ್ತು, ಗಿಣ್ಣಿಗೆ ಒಂದು ಸುತ್ತು. ಎರಡನ್ನೂ ಬರೆದುಕೊಳ್ಳಿ. ಕೆಲಸ ಮುಗಿಸಿ ಬಂದ ಮೇಲೆ ಅಳೆಯಿರಿ, ಯಾಕೆಂದರೆ ಬಿಸಿಲಲ್ಲಿ ದುಡಿದ ಬೆರಳು ಸ್ವಲ್ಪ ಊದಿರುತ್ತದೆ. ಕೊಳ್ಳುವಾಗ ಹಾಕಿಕೊಂಡು ಕೈ ಕೆಳಗೆ ಮಾಡಿ ಒದರಿ. ಬೀಳಬಾರದು. ಇನ್ನೊಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ. ತಿರುಗಬಾರದು. ಹಾಕಿಕೊಂಡು ಸ್ವಲ್ಪ ಹೊತ್ತು ಬಿಡಿ, ಬೆರಳ ತುದಿ ಜೋಮು ಹಿಡಿಯಬಾರದು.

ಇನ್ನು ಕೈಗವಸು. ಇಲ್ಲೂ ಅದೇ ಮಾತು. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ, ಬೆರಳುಗಳು ಶುರುವಾಗುವ ಗಿಣ್ಣುಗಳ ಹತ್ತಿರ ಟೇಪು ಸುತ್ತಿ. 7 ಇಂಚು ಬಂದರೆ 7ನೇ ನಂಬರು, 8 ಬಂದರೆ 8ನೇ ನಂಬರು. ಅಷ್ಟೇ. ದೊಡ್ಡದು ಹಾಕಿಕೊಂಡರೆ ಬೆರಳ ತುದಿಯಲ್ಲಿ ಬಟ್ಟೆ ಜೋಲಾಡುತ್ತದೆ, ಹಿಡಿತ ಸಿಗುವುದಿಲ್ಲ, ಅರ್ಧ ಗಂಟೆಗೆ ಕಿತ್ತು ಬದುವಿನ ಮೇಲೆ ಎಸೆಯುತ್ತೀರಿ.

ಯಾವ ಕೆಲಸಕ್ಕೆ ಯಾವುದು? ಕಳೆ ಕೀಳಲು, ಬೆಂಡೆ ಬಿಡಿಸಲು ರಬ್ಬರ್ ಅಂಗೈ ಇರುವ ಬಟ್ಟೆಯ ಗ್ಲೌಸ್. ಗುಲಾಬಿಗೆ ಮೊಣಕೈವರೆಗೆ ಬರುವ ಚರ್ಮದ ಗ್ಲೌಸ್. ಔಷಧಿ ಹೊಡೆಯಲು ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ಮಾತ್ರ. ಔಷಧಿ ಹೊಡೆಯುವಾಗ ಬಟ್ಟೆ ಗ್ಲೌಸ್ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಬಟ್ಟೆ ಔಷಧಿಯನ್ನು ಹೀರಿಕೊಂಡು ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಸಿ ಇಡುತ್ತದೆ. ಮಾಡಬೇಡಿ.

ಬೆರಳ ತುದಿಯಲ್ಲಿ ಪ್ಲಾಸ್ಟಿಕ್ ಉಗುರು ಇರುವ ಗ್ಲೌಸ್ ಬಗ್ಗೆ ತುಂಬ ಜನ ಕೇಳುತ್ತಾರೆ. ಮೊಬೈಲಿನಲ್ಲಿ ಜಾಹೀರಾತು ಬರುತ್ತದಲ್ಲ, ಕೈಯಲ್ಲೇ ಮಣ್ಣು ಅಗೆಯುವುದು. ಕುಂಡದಲ್ಲಿ, ತೆಂಗಿನ ನಾರಿನ ಪುಡಿ ಬೆರೆಸಿದ ಸಡಿಲ ಮಣ್ಣಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಾರಸಿ ತೋಟದವರು ಧಾರಾಳವಾಗಿ ಕೊಳ್ಳಿ. ನಮ್ಮ ಕೆಮ್ಮಣ್ಣಿನ ಹೊಲಕ್ಕೆ ಅದು ಆಗುವುದಿಲ್ಲ. ಮಳೆ ಬಿದ್ದು ಒಣಗಿದರೆ ಈ ಮಣ್ಣು ಮೇಲೆ ಹೆಪ್ಪು ಕಟ್ಟುತ್ತದೆ. ಪ್ಲಾಸ್ಟಿಕ್ ಉಗುರು ಮುರಿಯುತ್ತದೆ, ಒತ್ತಡ ನಿಮ್ಮ ಬೆರಳಿಗೇ ಬರುತ್ತದೆ. ಅಲ್ಲಿ ಸಣ್ಣ ಗುದ್ದಲಿಯೇ ಸರಿ.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಹೂ ಬಿಡಿಸುವವರು ಸೀರೆಯ ಮಡಿಲಲ್ಲಿ ತುಂಬಿಕೊಳ್ಳುತ್ತೀರಿ. ಹೂವಿಗೆ ಪರವಾಗಿಲ್ಲ. ಬೀನ್ಸ್, ಬದನೆ ತುಂಬಿಕೊಂಡರೆ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಎರಡು ಹೆಗಲಿಗೂ ಪಟ್ಟಿ ಇರುವ, ಹೊಟ್ಟೆಯ ಮುಂದೆ ಕೂರುವ ಚೀಲ ಹೊಲಿಸಿಕೊಳ್ಳಿ. ಊರಿನ ಟೈಲರ್ ಹೊಲಿದುಕೊಡುತ್ತಾರೆ. ಇದಕ್ಕೂ ನಿಮ್ಮ ಹೆಗಲಿನ ಅಳತೆ ಕೊಡಿ.

ಬ್ಲೇಡನ್ನು ದಿನಾ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಹಚ್ಚಿಡಿ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವ ಮುಂಚೆಯೂ ತೊಳೆಯಿರಿ. ಟೊಮ್ಯಾಟೊಗೆ ಬರುವ ಮೊಸಾಯಿಕ್ ರೋಗ ಕೈಯಿಂದ, ಬ್ಲೇಡಿನಿಂದ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಬೆಂಡೆಯ ಹಳದಿ ನಂಜು ಬಿಳಿನೊಣದಿಂದ ಬರುವುದು, ಅದಕ್ಕೆ ಬ್ಲೇಡನ್ನು ದೂರಬೇಡಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಯವರಿಗೆ ಒಂದು ಮಾತು. ತರಕಾರಿಗೆ ಔಷಧಿ ಹೊಡೆದ ಗ್ಲೌಸ್ ಹಾಕಿಕೊಂಡು ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ. ತೊಳೆದಿದ್ದರೂ ಬೇಡ. ಸ್ವಲ್ಪ ಔಷಧಿ ಉಳಿದಿದ್ದರೂ ಹುಳು ಸಾಯುತ್ತದೆ. ಸೊಪ್ಪಿಗೆ ಬೇರೆಯೇ ಗ್ಲೌಸ್, ಬೇರೆಯೇ ಉಂಗುರ ಇಟ್ಟುಕೊಳ್ಳಿ.

ಹೆಚ್ಚಿಗೆ ಕೇಳಬೇಕೆನ್ನುವವರು ಕೋಲಾರದ ಟಮಕದಲ್ಲಿ, ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ, ತುಮಕೂರು ಕಡೆಯವರು ಹಿರೇಹಳ್ಳಿಯಲ್ಲಿ ಇರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಕಾಯಿ ಬಿಡಿಸುವವರೇ ಹೋಗಿ. ಅವರು ಹೋಗಲು ಆಗದಿದ್ದರೆ ಅವರ ಬೆರಳಿನ ಅಳತೆಯಾದರೂ ಹೋಗಲಿ.

ಕೊನೆಗೆ, ಇದನ್ನು ಹೇಳದೆ ಎದ್ದು ಹೋಗಲು ನನಗೆ ಮನಸ್ಸಿಲ್ಲ. ಮೇವು ಕತ್ತರಿಸುವ ಯಂತ್ರದ ಹತ್ತಿರ ಹೋಗುವ ಮುಂಚೆ ಗ್ಲೌಸ್, ಉಂಗುರ, ಚೀಲ ಎಲ್ಲ ಬಿಚ್ಚಿಡಿ. ತಿರುಗುವ ಯಂತ್ರಕ್ಕೆ ಗ್ಲೌಸಿನ ತುದಿ ಸಿಕ್ಕಿದರೆ ಅದು ಕೈಯನ್ನೇ ಎಳೆದುಕೊಳ್ಳುತ್ತದೆ. ತೋಟದಿಂದ ನೇರವಾಗಿ ಕೊಟ್ಟಿಗೆಗೆ ಹೋಗುವ ಅವಸರದಲ್ಲಿ ಇದನ್ನು ಮರೆಯಬೇಡಿ. ಮಕ್ಕಳಿಗೂ ಹೇಳಿಕೊಡಿ.

ನಮಸ್ಕಾರ.